ನೀಲಿ ಡ್ರಮ್ಮಿನಲ್ಲಿ ನಾಲ್ಕು ಟ್ಯೂಬು

ಏನಾಗಿರಬಹುದು, ಊಹಿಸು ನೋಡೋಣ. ಇಲ್ಲ, ಹಸು ಸತ್ತಿಲ್ಲ. 'ಶುಭ ನುಡಿಯೋ ಸೋಮ ಅಂದ್ರೆ ಗೂಬೆ ಕಾಣ್ತಿದೆಯಲ್ಲೋ ಮಾಮ' ಅಂದ್ನಂತೆ, ಹಾಗಾಯ್ತು ನಿನ್ನ ಕತೆ. ಇಲ್ಲ, ಹಾಲಿನ ಗಾಡಿಯವನೂ ತಕರಾರು ತೆಗೆದಿಲ್ಲ. ಇನ್ನೊಂದು ಸಲ... ಹೋಗ್ಲಿ ಬಿಡು, ನಾನೇ ಹೇಳ್ತೀನಿ. ಬೆಳಗ್ಗೆ ದನದ ಡಾಕ್ಟರು ಬಂದು, ನನ್ನ ಕೊಟ್ಟಿಗೇಲಿ ನಿಂತು, ನನ್ನ ಮನೆ ಕಾಫಿ ಕುಡಿದು, ನನ್ನನ್ನೇ ಕಳ್ಳ ಅಂದು ಹೋದ್ರು.

ಬಾಯಿಬಿಟ್ಟು ಅನ್ನಲಿಲ್ಲ, ನಿಜ. ಮೇಲಿಂದ ಕೆಳಗೆ ಒಂದು ನೋಟ ನೋಡಿದ್ರು. ಮೂವತ್ನಾಲ್ಕು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಅಂಗಡಿಯವರನ್ನ ನಾನು ನೋಡ್ತಿದ್ದ ನೋಟ ಅದು. ನನಗೆ ಗೊತ್ತಾಗಲ್ವಾ? ತಕ್ಕಡಿ ತಟ್ಟೆಯ ತಳಕ್ಕೆ ಮೇಣ ಮೆತ್ತಿದವನನ್ನ ಬಾಗಿಲಲ್ಲಿ ನಿಂತೇ ಹಿಡೀತಿದ್ದೆ ನಾನು. ನನಗೇ ಆ ನೋಟವೇ?

ನೀನು ನಿನ್ನ ಕೆಲಸ ಮಾಡ್ಕೋ, ಖಾಲಿ ಔಷಧಿ ಟ್ಯೂಬು ಹಾಕೋ ಆ ಡ್ರಮ್ಮು ಬಗ್ಗಿಸ್ಕೋ. ಇವತ್ತಿಗೆ ಕೊನೇ ಎಣಿಕೆ ಅಲ್ವಾ. ಸೋಮವಾರ ಪರೀಕ್ಷಕರ ಮುಂದೆ ನಿಂತ್ಕೊಂಡು ಬಂದ್ರೆ ನೀನು, ನಮ್ಮ ತಂಗಿಯ ಮಗಳು, ಡಾಕ್ಟರೇಟು. ನಾನು ಮಾತಾಡ್ತಿರ್ತೀನಿ, ನೀನು ಎಣಿಸ್ತಿರು. ಎಣಿಸೋಕೆ ಏನಿದೆ ಅದರಲ್ಲಿ, ಮೂರು ತಿಂಗಳಿಗೆ ನಾಲ್ಕು ಟ್ಯೂಬು. ಆ ಗೋಣಿ ಹಾಸ್ಕೋ, ನೆಲ ಒದ್ದೆ.

ಎಲ್ಲಿದ್ದೆ ನಾನು... ಹಾಂ, ನಮ್ಮ ಕಿವಿಹರಕಿ ಹಸು. ಅದಕ್ಕೆ ಮತ್ತೆ ಕೆಚ್ಚಲು ಬಾವು. ಮೂರನೇ ಸಲ. ಹಾಲು ಹಿಂಡಿದ್ರೆ ಒಡೆದ ಮೊಸರಿನ ಥರ ಗಟ್ಟಿ ಗಟ್ಟಿ. ಕೆಚ್ಚಲಿಗೆ ಔಷಧಿ ಟ್ಯೂಬು ಏರಿಸಿದ್ರೆ ಜಪ್ಪಯ್ಯ ಅಂದ್ರೂ ಜಗ್ಗಲಿಲ್ಲ. ಡಾಕ್ಟರು ಹಾಲು ತಗೊಂಡು ಲ್ಯಾಬಿಗೆ ಕಳಿಸಿದ್ರು, ಇವತ್ತು ವರದಿ ಬಂತು. ಆರು ಥರದ ಆಂಟಿಬಯೋಟಿಕ್ ಇಟ್ಟು ನೋಡಿದ್ರಂತೆ, ಐದಕ್ಕೆ ಆ ಕ್ರಿಮಿ ಕ್ಯಾರೇ ಅನ್ನಲಿಲ್ವಂತೆ. ಡಾಕ್ಟರು ಕನ್ನಡಕ ಏರಿಸ್ಕೊಂಡು ಹೇಳಿದ್ರು, 'ರಾಯರೇ, ಇದು ಔಷಧ ಕುಡಿದು ಕುಡಿದು ಪಳಗಿದ ಕ್ರಿಮಿ. ತಿಂಗಳಿಗೊಂದು ಟ್ಯೂಬು ಹಾಕೋ ಕೊಟ್ಟಿಗೇಲಿ ಇದಕ್ಕೇನು ಕೆಲಸ?'

ನಾನು ಬಿಡ್ತೀನಾ? ಸ್ವಾಮಿ, ಮೂವತ್ತು ಕೊಟ್ಟಿಗೆಗಳ ಅಧ್ಯಯನದಲ್ಲಿ ನಮ್ಮದು ಹನ್ನೊಂದನೇ ನಂಬರು. ರಬ್ಬರ್ ಮ್ಯಾಟು, ಮೈ ತಿಕ್ಕೋ ಬ್ರಷ್ಷು, ಹೊತ್ತು ಹೊತ್ತಿಗೆ ನೀರು. ಹಸು ಸುಖವಾಗಿದ್ರೆ ಕಾಯಿಲೆ ಬೀಳೋದು ಕಡಿಮೆ, ಔಷಧಿಯೂ ಕಡಿಮೆ, ಇದನ್ನ ನಮ್ಮ ಹುಡುಗಿ ಅಂಕಿಅಂಶದ ಸಮೇತ ಸಾಧಿಸಿದ್ದಾಳೆ, ಮೊದಲನೇ ಪುಟದಲ್ಲಿ ನಮ್ಮ ಕೊಟ್ಟಿಗೆ ಫೋಟೋ ಇದೆ, ನಿಮ್ಮ ಲ್ಯಾಬಿನವರು ಸೀಸೆ ಅದಲು ಬದಲು ಮಾಡಿರ್ತಾರೆ ಅಂದೆ. ಸರಿ ತಾನೆ ಹೇಳಿದ್ದು?

ಯಾಕೆ, ಎಣಿಸೋದು ಬಿಟ್ಟು ಟ್ಯೂಬು ತಿರುಗಿಸಿ ನೋಡ್ತೀಯ?

ಅಥವಾ ಪಕ್ಕದ ಕೊಟ್ಟಿಗೆಯ ಗಡ್ಡದವರ ಕಿತಾಪತಿ ಇರಬಹುದು. ಅವರ ಹಸುಗಳು ಇದೇ ತೊಟ್ಟಿಗೆ ಮೂತಿ ಹಾಕ್ತಾವೆ. ಅವರ ಡ್ರಮ್ಮಲ್ಲಿ ಮೂರು ತಿಂಗಳಿಗೆ ಮೂವತ್ತು ಟ್ಯೂಬು, ನನ್ನ ಕಂಡ್ರೆ ಹೊಟ್ಟೆಕಿಚ್ಚು. ಏನು, ಅವರದ್ದು ಕಡಿಮೆ ಆಗಿದೆಯಾ? ಹನ್ನೆರಡಕ್ಕೆ ಇಳಿದಿದೆಯಾ? ಅದೇ ಮ್ಯಾಟು, ಅದೇ ಬ್ರಷ್ಷಿಂದ? ಓಹೋ... ಇಳೀಲಿ ಬಿಡು, ಒಳ್ಳೇದೇ ಆಯ್ತು.

ಅದೇನು ಮಾಡ್ತಿದ್ದೀಯ? ಎಣಿಸಿದ ಮೇಲೆ ಬರ್ಕೊಂಡು ಚೀಲಕ್ಕೆ ಹಾಕೋದು ತಾನೆ ನಿನ್ನ ಪದ್ಧತಿ? ಈ ಜೋಡಿಸೋ ಆಟ ಯಾವಾಗಿಂದ? ಮೂರು ಒಂದು ಕಡೆ, ಉಳಿದ ಒಂದು ಇನ್ನೊಂದು ಕಡೆ...

ಮೂರು. ಒಂದು.

ಗೋಡೆ ಕಡೆ ಯಾಕೆ ನೋಡ್ತೀಯ, ನೀನೇ ಅಂಟಿಸಿದ ಕಾಗದ ಅದು, ನನಗೂ ಓದೋಕೆ ಬರುತ್ತೆ. 'ದಿನಕ್ಕೊಂದರಂತೆ ಮೂರು ದಿನ. ನಡುವೆ ನಿಲ್ಲಿಸಬಾರದು.' ಗೊತ್ತು. ಆ ಒಂದು... ಆ ಒಂದು ಎಲ್ಲಿಂದ ಬಂತೋ. ಉಳಿದೆರಡು ಬಿದ್ದುಹೋಗಿರಬಹುದು. ಸಗಣಿ ಜೊತೆ ಗುಂಡಿಗೆ ಹೋಗಿರಬಹುದು. ಇಲಿ ಎಳ್ಕೊಂಡು ಹೋಗಿರಬಹುದು. ಯಾಕೆ, ಇಲಿ ಎಳ್ಕೊಂಡು ಹೋಗಲ್ವಾ?

ಹಿಂದಿನ ಪುಟ ಯಾಕೆ ತಿರುವ್ತೀಯ ತಾಯಿ? ಮುಗಿದ ಲೆಕ್ಕ ಅದು. ಐದು. ಎರಡು. ನಾಲ್ಕು. ಒಂದು... ಸರಿ, ಯಾವುದೂ ಮೂರರ ಮಗ್ಗಿಗೆ ಬರಲ್ಲ. ನೀನೂ ಇಷ್ಟು ದಿನ ನೋಡಿಲ್ಲ ಅಲ್ವಾ? ಗಡ್ಡದವರ ಡ್ರಮ್ಮಿನದ್ದು ಎರಡೆರಡು ಸಲ ಎಣಿಸ್ತಿದ್ದೆ, ಮಾವನ ಡ್ರಮ್ಮಿನದ್ದು ಒಂದೇ ಸಲ. ಬೇಡ ಬಿಡು, ನಾನು ಅದನ್ನ ಹೇಳಬಾರದಿತ್ತು.

ಮಾತಾಡೇ. ನಿಮ್ಮಮ್ಮನೂ ಹೀಗೇ, ಚಿಕ್ಕವಳಿದ್ದಾಗ ನಾನು ಏನಾದ್ರೂ ಮುರಿದು ಹಾಕಿದ್ರೆ ಸುಮ್ನೆ ಕೂತು ನೋಡ್ತಿದ್ದಳು. ಅಪ್ಪನ ಏಟಾದ್ರೂ ತಡ್ಕೋಬಹುದಿತ್ತು. ಬೈಯಿ. ಡಾಕ್ಟರ ಹಾಗೆ ಕಳ್ಳ ಅನ್ನು.

ಸೊನ್ನೆ ತೋರಿಸಿದ್ರೆ ಯಾರೂ ನಂಬಲ್ಲ ಅಂತ ನನಗೆ ಗೊತ್ತಿತ್ತು. ಪಳಗಿದ ಅಂಗಡಿಯವನು ಕಿಲೋಗೆ ಇನ್ನೂರು ಗ್ರಾಂ ಹೊಡೆಯಲ್ಲ, ಇಪ್ಪತ್ತು ಹೊಡೀತಾನೆ. ಅದಕ್ಕೇ ಕೈಗೆ ಸಿಕ್ಕಿದ್ದು ಆಗಾಗ ಒಂದೊಂದನ್ನ ಡ್ರಮ್ಮಿಗೆ ಹಾಕ್ತಿದ್ದೆ, ಮಿಕ್ಕಿದ್ದು ಬಚ್ಚಿಡ್ತಿದ್ದೆ. ಮೂರು ಮೂರು ಹಾಕಬೇಕು ಅಂತ ಮಾತ್ರ ಹೊಳೀಲಿಲ್ಲ. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡೀತು. ನಿಮ್ಮತ್ತೆ ಮೊದಲ ದಿನವೇ ಅಂದಳು, 'ಆ ಮಗು ಮುಖ ಹೇಗೆ ನೋಡ್ತೀರಿ ನೀವು' ಅಂತ. ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ.

ಕೂತಿರು, ತರ್ತೀನಿ. ಮೇವು ಕತ್ತರಿಸೋ ಮಷೀನಿನ ಹಿಂದೆ ಇದೆ... ತಗೋ. ಎರಡು ಚೀಲ. ನೂರ ಎಂಬತ್ತಾರು ಟ್ಯೂಬು. ಗುಜರಿಯವನು ಹತ್ತು ಸಲ ಕೇಳಿದ, ಕೊಡಲಿಲ್ಲ. ಯಾಕೆ ಇಟ್ಟೆನೋ ನನಗೇ ಗೊತ್ತಿಲ್ಲ. ನೋಡು, ಒಂದೊಂದಕ್ಕೂ ಚೀಟಿ ಅಂಟಿಸಿದ್ದೀನಿ, ಯಾವ ಹಸು, ಯಾವ ತಾರೀಕು. ಜಪ್ತಿ ಮಾಡಿದ ಮಾಲಿಗೆ ಚೀಟಿ ಅಂಟಿಸೋ ಚಾಳಿ, ಕೈ ಬಿಡಲಿಲ್ಲ. ಡ್ರಮ್ಮಿಗೆ ಹಾಕಿದ್ದಕ್ಕೆ ಮಾತ್ರ ಚೀಟಿ ಇರ್ತಿರಲಿಲ್ಲ.

ಹಸುಗಳಿಗೆ ಅಷ್ಟು ಕಾಯಿಲೆ ಇತ್ತು ಅಂತಲ್ಲ. ಕೇಳು ಇಲ್ಲಿ, ಇದನ್ನ ನಂಬು. ಮ್ಯಾಟು ಹಾಕಿದ ಮೇಲೆ ಅವು ಚೆನ್ನಾಗೇ ಇದ್ವು. ಸರಿಯಿಲ್ಲದ್ದು ನನ್ನ ಕೈ. ಒಂದು ಹಸು ಮೇವು ಬಿಟ್ರೆ ನನಗೆ ಎದೆ ಹೊಡ್ಕೊಳ್ಳುತ್ತೆ. ಕೆಚ್ಚಲು ಸ್ವಲ್ಪ ಬೆಚ್ಚಗಿದ್ರೆ ಏರಿಸು ಟ್ಯೂಬು. ಡಾಕ್ಟರನ್ನ ಯಾರು ಕಾಯ್ತಾರೆ, ಔಷಧಿ ಅಂಗಡಿಯವನು ಕೇಳಿದಷ್ಟು ಕೊಡ್ತಾನೆ. ಪ್ರೀತಿ ಅಂದ್ಕೊಂಡಿದ್ದೆ. ಕಿವಿಹರಕಿಗೆ ಆ ಪ್ರೀತಿಯೇ ಈಗ ಮುಳುವಾಯ್ತು. ಇನ್ನು ಆ ಆರನೇ ಔಷಧ ಒಂದೇ ಬಾಕಿ ಅದರ ಪಾಲಿಗೆ.

ನಿನಗೆ ಮೋಸ ಮಾಡೋಣ ಅಂತ ಹೊರಟವನಲ್ಲ ನಾನು. ಮೊದಲನೇ ಎಣಿಕೆಗೆ ನಿಮ್ಮ ಗೈಡಮ್ಮ ಬಂದಿದ್ರಲ್ಲ, ಜ್ಞಾಪಕ ಇದೆಯಾ? ಎರಡು ತಿಂಗಳಿಗೆ ನಲವತ್ತೆರಡು ಟ್ಯೂಬು ಸುರಿದ್ವು ಡ್ರಮ್ಮಿಂದ. ಎಲ್ಲರಿಗಿಂತ ಹೆಚ್ಚು. ಆಯಮ್ಮ ಮೂಗು ಮುಚ್ಕೊಂಡೇ ಹೇಳಿದ್ರು, 'ಬಂಧುಗಳ ಕೊಟ್ಟಿಗೆ ಬೇಡ ಅಂದಿದ್ದೆ, ಇದೊಂದೇ ಸಾಕು ನಿನ್ನ ಅಧ್ಯಯನ ಮುಳುಗಿಸೋಕೆ.'  ನೀನು ಆ ನಲ್ಲಿ ಹತ್ರ ಹೋಗಿ ಬೂಟು ತೊಳೆಯೋಕೆ ನಿಂತೆ. ನಾನು ಈ ಕಿಟಕೀಲಿ ನಿಂತಿದ್ದೆ. ಬೂಟಿಂದ ಸಗಣಿ ಎಲ್ಲಾ ಹೋಗಿತ್ತು, ನೀನು ತೊಳೀತಾನೇ ಇದ್ದೆ. ಭುಜ ಅಲ್ಲಾಡ್ತಿತ್ತು. ಮಾವನಿಗೆ ಕಾಣಲ್ಲ ಅಂದ್ಕೊಂಡಿದ್ದೆ ನೀನು.

ಅವತ್ತು ಸಂಜೆ ಆ ಕಪಿಲೆಗೆ ಟ್ಯೂಬು ಏರಿಸಿದೆ. ಖಾಲಿ ಟ್ಯೂಬು ಹಿಡ್ಕೊಂಡು ಡ್ರಮ್ಮಿನ ತನಕ ಹೋದೆ, ಮುಚ್ಚಳವನ್ನೂ ಎತ್ತಿದೆ. ಆಮೇಲೆ ಜೇಬಿಗೆ ಹಾಕ್ಕೊಂಡೆ. ಅಷ್ಟೇ ನೋಡು. ಮಾರನೇ ದಿನ ಡ್ರಮ್ಮಿನ ತನಕ ಹೋಗಲೂ ಇಲ್ಲ.

ಈಗ ಏನ್ಮಾಡ್ತೀಯ? ನನ್ನ ಕೊಟ್ಟಿಗೆ ಕಿತ್ತು ಹಾಕು ಪುಸ್ತಕದಿಂದ. ಇಪ್ಪತ್ತೊಂಬತ್ತು ಸಾಕಾಗಲ್ವಾ? ಬೇಡ್ವಾ... ಇಟ್ಕೋತೀಯಾ? ಈ ಚೀಲದ ಸಮೇತ? ಸೋಮವಾರ ಅವರ ಮುಂದೆ ನಿಂತು, ನಮ್ಮ ಮಾವ ಬಚ್ಚಿಟ್ಟಿದ್ರು ಅಂತ...

ಪೆನ್ನು ತೆಗೆದೆ. ಹೂಂ.

ಹಾಗಾದ್ರೆ ನಾನೂ ಬರ್ತೀನಿ ಸೋಮವಾರ. ನೀನು ತಲೆ ತಗ್ಗಿಸ್ಬೇಡ, ಕೇಳಿದ್ರೆ ನಾನೇ ಹೇಳ್ತೀನಿ.

ಯಾಕೆ ನಿಂತೆ? ಬರಿ. ಅದು ಮೊಟ್ಟಮೊದಲನೇ ಟ್ಯೂಬು, ಕಪಿಲೆಯದ್ದು. ಚೀಟಿ ನೆನೆದು ಅಕ್ಷರ ಅಳಿಸಿಹೋಗಿದೆಯಾ, ಕೊಡು ಇಲ್ಲಿ... ಬೇಡ. ಅದಕ್ಕೆ ಚೀಟಿ ಬೇಕಾಗಿಲ್ಲ, ಬಾಯಿಪಾಠ ನನಗೆ. ಬರ್ಕೋ. ಕಳೆದ ವರ್ಷ, ಮಾರ್ಚ್ ತಿಂಗಳು, ಹದಿನಾಲ್ಕನೇ ತಾರೀಕು, ಮಂಗಳವಾರ.