ಗೀಟು ಹಾಕಿದ ನಡೆ

ಕೊಡು ಇಲ್ಲಿ, ನಾನೇ ಓದ್ತೀನಿ. ‘ನವೆಂಬರ್ ಹದಿನಾಲ್ಕು, ಶನಿವಾರ. ಮೋಡ ಇದೆ, ಮಳೆ ಇಲ್ಲ.’ ಅವನದೇ ಅಕ್ಷರ. ಹಾಳೆ ತಲೆಗೆ ಹವಾಮಾನ ಬರೀದೆ ನಿನ್ನ ಗಡಿಯಾರ ಮಾಮ ಒಂದು ಕಾಲಾಳನ್ನೂ ಮುಟ್ತಿರಲಿಲ್ಲ. ಯಾಕೋ ಅಂದ್ರೆ, ಸೋತಾಗ ಬೈಯೋಕೆ ಏನಾದ್ರೂ ಬೇಕಲ್ಲ ಅಂತಿದ್ದ... ಮೊದಲಾಗಿದ್ರೆ ಈ ಮಾತಿಗೆ ನಗ್ತಿದ್ದೆ ನೀನು.

ಅತ್ತೆ ಅವನ ಆಟದ ಹಾಳೆಗಳ ಈ ಕಟ್ಟನ್ನ ನಿನಗೆ ಕಳಿಸಿದ್ದು ಒಳ್ಳೇದೇ ಆಯ್ತು. ಅವನು ಹೋಗಿ ತಿಂಗಳಾಗಿಲ್ಲ, ಆಗಲೇ ಅಂಗಡಿ ಖಾಲಿ ಮಾಡ್ತಿದ್ದಾರಂತೆ. ಆದ್ರೆ ಅಷ್ಟು ಹಾಳೆ ಬಿಟ್ಟು, ನೀನು ಅವನನ್ನ ಸೋಲಿಸಿದ ಈ ಆಟಾನೇ ಯಾಕೆ ತೆಗೆದೆ? ಗೆದ್ದ ಆಟ ನೋಡಬೇಡ, ಸೋತದ್ದನ್ನ ನೋಡು ಅಂತ ಅವನೇ ಅಲ್ವಾ ಕಲಿಸಿದ್ದು? ನಾಲ್ಕು ವರ್ಷ ನೀನು ಕ್ಲಬ್ಬಲ್ಲಿ ನಡುಮಟ್ಟದಲ್ಲೇ ಸಿಕ್ಕಿಕೊಂಡಿದ್ದೆ. ಪರವಾಗಿಲ್ಲ, ಚೆಸ್ ಚೆನ್ನಾಗೇ ಆಡ್ತಾಳೆ ಅಂತಿದ್ರು, ಅಷ್ಟೇ. ಸೋತ ಆಟಾನೆಲ್ಲ ಬರೆದು, ತಪ್ಪಿದ ಜಾಗಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ಕಾರಣ ಒಂದೇ ಮಾತಲ್ಲಿ... ‘ಆತುರ’, ‘ಹೆದರಿಕೆ’, ‘ಜಂಬ’. ಏಳು ನೋಟ್‌ಬುಕ್ ತುಂಬಿಸಿದೆ. ನೀನು ಮೇಲೆ ಹೋಗಿದ್ದು ಅದರಿಂದ. ಅದನ್ನ ಮರೀಬೇಡ.

ಹೂಂ, ಕಾಣ್ತಿದೆ. ಮೂವತ್ತೊಂದನೇ ನಡೆ. ಬರೆದು, ಅದರ ಮೇಲೆ ಗೀಟು ಹಾಕಿ, ಪಕ್ಕದಲ್ಲಿ ಬೇರೆ ನಡೆ ಬರೆದಿದಾನೆ. ನಡೆಸೋ ಮೊದಲೇ ಬರೆದುಕೊಳ್ಳೋ ಅಭ್ಯಾಸ ಅಲ್ವಾ ಅವನಿಗೆ. ವಯಸ್ಸಾಗಿತ್ತಮ್ಮ, ಏನೋ ಬರೆಯೋಕೆ ಹೋಗಿ ಏನೋ...

ಬೋರ್ಡು ಯಾಕೆ ತೆಗೀತಿದೀಯಾ? ಬಿಡು. ಆನೇನ ಅಲ್ಲಿಡಬೇಡ.

...ಹೌದು. ಅಲ್ಲಿಟ್ಟಿದ್ರೆ ಎರಡೇ ನಡೆಗೆ ನಿನ್ನ ರಾಜನ ಕಥೆ ಮುಗೀತಿತ್ತು. ಅವನಿಗೆ ಕಂಡಿತ್ತು. ಬರೆದೂ ಇದ್ದ.

ಅಪ್ಪನ ಮುಖ ನೋಡಬೇಡ, ಬೋರ್ಡು ನೋಡು, ಹೇಳ್ತೀನಿ. ಅವತ್ತು ಗೆದ್ದರೆ ದೊಡ್ಡ ಪಂದ್ಯಕ್ಕೆ ಆಯ್ಕೆ, ಸೋತರೆ ಈ ಜನ್ಮದಲ್ಲಿ ಆಡಲ್ಲ ಅಂದಿದ್ದೆ ನೀನು. ಊಟ ಬಿಟ್ಟಿದ್ದೆ. ಹಿಂದಿನ ದಿನ ನಾನು ಅವನ ಅಂಗಡಿಗೆ ಹೋದೆ. ಒಂದು ಸಲ ಸೋತುಬಿಡು ಅಂದೆ. ಆ ಕ್ಲಬ್ಬಲ್ಲಿ ಯಾರಿಗೂ ಸೋಲದವನಿಗೆ, ಒಂದು ಗಡಿಯಾರಕ್ಕೆ ಕೀ ಕೊಟ್ಟುಬಿಡು ಅನ್ನೋ ಹಾಗೆ ಹೇಳಿದೆ. ಅವನು ತಲೆ ಎತ್ತಲಿಲ್ಲ. “ಇದು ಮಗು ಕೇಳಿದ್ದಾ, ನೀನು ಕೇಳ್ತಿರೋದಾ?” ಅಂದ. ನಾನೇ ಅಂದೆ.

“ಹಾಗಾದ್ರೆ ಅವಳಿಗೆ ಹೇಳಬೇಡ.”

ಅಷ್ಟೇ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಆಮೇಲೆ ಗೆದ್ದದ್ದೆಲ್ಲ ನಿನ್ನದೇ ಕಣಮ್ಮ. ಒಂದೊಂದೂ. ಬೈದುಬಿಡು ಬೇಕಾದ್ರೆ.

ಈ ಬೋರ್ಡು... ಆಟದ ಮಾರನೇ ಬೆಳಿಗ್ಗೆ ಅವನೇ ತಂದು ನಿನ್ನ ಕೈಗಿಟ್ಟನಲ್ಲ. ಬಹುಮಾನ ಅಂತ ಕುಣಿದಾಡಿದೆ. ಅವನ ಹತ್ರ ಇದ್ದದ್ದು ಇದೊಂದೇ, ಆಮೇಲೆ ಅವನು ಆಡಲೇ ಇಲ್ಲ. ಕಣ್ಣು ಮಂಜಾಗಿದೆ, ಇನ್ನು ಆಡಲ್ವಂತೆ, ಅದಕ್ಕೇ ಕೊಟ್ಟ ಅಂತ ನಾನು ಹೇಳಿದೆ. ಹನ್ನೊಂದು ವರ್ಷ ಅದನ್ನೇ ಹೇಳ್ಕೊಂಡು ಬಂದೆ.

ಬೋರ್ಡು ಕೊಟ್ಟ ದಿನಾನೇ ಸಂಜೆ ಅವನ ಅಂಗಡಿ ಮುಂದೆ ಹಾದುಹೋದೆ. ಒಳಗೆ ಕಾಲಿಡೋಕೆ ಆಗಲಿಲ್ಲ. ಹೆಂಗಸರ ಕೈಗಡಿಯಾರ ಬಿಚ್ಚಿಟ್ಟುಕೊಂಡು, ಸಾಸಿವೆಗಿಂತ ಸಣ್ಣ ಸ್ಕ್ರೂ ಕೂರಿಸ್ತಿದ್ದ.

ಭೂತಗನ್ನಡಿ ಪಕ್ಕದಲ್ಲಿತ್ತು. ಕಣ್ಣಿಗೆ ಹಾಕಿರಲಿಲ್ಲ.