ಇಲಿ ಕುಡಿದ ಕಷಾಯ

೧೯೩೬ರ ಬೇಸಿಗೆ. ಹೊಸಪೇಟೆಯಲ್ಲಿ ಸಂಡೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಚಿತ್ತವಾಡ್ಗಿಯ ನಾಟಿ ವೈದ್ಯ ತೋಟಪ್ಪನವರು ಔಷಧಿ ಸೀಸೆಗಳ ಪೆಟ್ಟಿಗೆ ಇಟ್ಟುಕೊಂಡು ನಿಂತಿದ್ದರು. ಗಾದಿಗನೂರಿನ ಉಚ್ಚೆಂಗಮ್ಮ ಬಂದವಳೇ ಆ ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

“ಹೊಟ್ಟಿ ಉಬ್ಬರಕ್ಕ ನೀವು ಕೊಟ್ಟ ಚಿತ್ರಮೂಲದ ಕಷಾಯ ಕುಡಿದು ನನ್ನ ಸೊಸಿಗೆ ಬಸರು ಹೋತಲ್ರೀ!”

“ಅದರಾಗ ವಿಷ ಇಲ್ಲಬೇ. ಮದ್ರಾಸಿನ ಡಾಕ್ಟರು ಇಲಿಗೆ ಕುಡಿಸಿ ನೋಡ್ಯಾರ. ಒಂದೂ ಸತ್ತಿಲ್ಲ.”

“ಆ ಇಲಿ ಬಸರಿದ್ವೇನು?”

“ಎಲ್ಲಾ ಗಂಡಿಲಿ.”

“ನನ್ನ ಸೊಸಿ ಗಂಡಿಲಿಯೇನು?”

“ಬಸರಿ ಅಂತ ಆಕಿ ನಂಗ ಹೇಳಲಿಲ್ಲ.”

“ನೀವು ಕೇಳಿದ್ರೇನು? ನಿಮ್ಮಪ್ಪ ‘ಈ ತಿಂಗಳು ಹೊರಗ ಕುಂತಿದ್ದಿಯೇನವ್ವಾ’ ಅಂತ ಕೇಳದಂಗ ಯಾವ ಹೆಣ್ಮಗಳಿಗೂ ಬೇರು ಕುಟ್ಟಿ ಕೊಡ್ತಿರಲಿಲ್ಲ.”

“ಆಗ ಪರೀಕ್ಷೆ ಇರಲಿಲ್ಲ, ಕೇಳ್ತಿದ್ದ. ಈಗ ಪರೀಕ್ಷೆ ಆಗೇತಿ. ಕೇಳೋದ್ಯಾಕ?”

ಕಂಪ್ಲಿ ಬಸ್ಸು ಬಂತು. ತೋಟಪ್ಪನವರು ಪೆಟ್ಟಿಗೆ ಎತ್ತಿಕೊಂಡು ಹತ್ತಿದರು. ಹಿಂದೆಯೇ ಉಚ್ಚೆಂಗಮ್ಮನೂ ಹತ್ತಿ ಅವರ ಪಕ್ಕದಲ್ಲೇ ಕೂತಳು. ಕೆಳಗೆ ನಿಂತಿದ್ದ ನನಗೆ ಕಿಟಕಿಯಿಂದ ಅವರ ಮಾತು ಕೇಳಿಸಿತು.

“ನೀ ಎಲ್ಲಿಗೆ ಬರ್ತಿ?”

“ಕಂಪ್ಲಿಗೆ. ನೀವು ಸೀಸೆ ಮಾರ್ರಿ. ನಿಮ್ಮಪ್ಪ ಕೇಳ್ತಿದ್ದ ಮಾತು ಕೊಳ್ಳಾಕ ಬಂದ ಹೆಣ್ಮಕ್ಕಳಿಗೆ ನಾ ಕೇಳ್ತೀನಿ.”

ಬಸ್ಸು ಹೊರಟಿತು.