ಅಮ್ಮನ ಕೋಣೆಯ ದೀಪ

ತರಾಜ್ ಊರಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದಲ್ಲೇ ಅಜ್ಜಿ, ಮೊಮ್ಮಗಳು ನಿಂತಿದ್ದರು. ಹುಡುಗಿಯ ಕೋಟಿನ ಮೇಲೆ ಶಾಲೆಯ ಪರಿಸರ ಸಂಘದ ಹಸಿರು ಬಿಲ್ಲೆ. ಇಬ್ಬರ ಕಣ್ಣೂ ಊದಿದ್ದವು.

"ನಲವತ್ತು ದಿನ ಆ ಕೋಣೆ ದೀಪ ಆರಬಾರ್ದು ಅಂತ ಹೇಳಿರ್ಲಿಲ್ವಾ, ಜನೆರ್ಕೆ?" ಅಜ್ಜಿ ಮೊಮ್ಮಗಳನ್ನು ಕೇಳಿದರು.

"ಹೇಳಿದ್ರಿ ಅಜ್ಜಿ."

"ಮತ್ತೆ? ಕೋಣೆ ಕತ್ತಲಾಗಿದ್ರೆ ನಿಮ್ಮಮ್ಮನ ಆತ್ಮ ಮನೆ ದಾರಿ ಹೆಂಗೆ ಹುಡುಕತ್ತೆ?"

"ನಿನ್ನೆ ಬೇಕೂಂತ ಆರಿಸ್ಲಿಲ್ಲ. ಶಾಲೆಗೆ ಹೊರಡೋವಾಗ ದಿನಾ ಎಲ್ಲಾ ಕೋಣೆ ದೀಪ ಆರಿಸ್ತೀನಲ್ಲ, ಕೈ ತಾನಾಗೇ ಹೋಯ್ತು."

"ಸುಡ್ಲಿ ನಿಮ್ಮ ಶಾಲೆ! ಕರೆಂಟ್ ಉಳಿಸಿ, ಭೂಮಿ ಉಳಿಸಿ ಅಂತೆ. ಸಾವಿನ ಮನೇಲೂ ಉಳಿಸ್ಬೇಕಂತಾ?"

"ಶಾಲೆಗೆ ಬೈಬೇಡಿ. ಈ ಬಿಲ್ಲೆ ಚುಚ್ಚಿದ್ದೇ ಅಮ್ಮ. ಆಸ್ಪತ್ರೆಯಿಂದ್ಲೂ ಫೋನ್ ಮಾಡಿ ಕೇಳೋಳು, ದೀಪ ಆರಿಸಿ ಬಂದ್ಯಾ ಅಂತ."

ಅಜ್ಜಿ ತಲೆವಸ್ತ್ರದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡರು.

"ಅಜ್ಜಿ, ನಿನ್ನೆ ಅಮ್ಮ ಬಂದು, ಕತ್ತಲೆ ನೋಡಿ ವಾಪಸ್ ಹೋಗಿರ್ತಾಳಾ?"

"ಹುಚ್ಚಿ! ನಿಂಗೆ ಎಚ್ಚರ ಆಗ್ಬಾರ್ದೂಂತ ಕತ್ತಲಲ್ಲೇ ಬಂದು ಹೊದಿಕೆ ಸರಿಮಾಡ್ತಿದ್ದೋಳು ಅವಳು. ಅವಳಿಗ್ಯಾಕೆ ದೀಪ?"

"ಹಂಗಾದ್ರೆ ಇವತ್ತು ಆರಿಸಿದ್ರೂ ನಡೆಯತ್ತಾ?"

"ಬೇಡ, ಹಾಕಿಡು. ನಂಗೋಸ್ಕರ."

"ನಿಮಗಾ?"

"ನಿನ್ನೆ ಸಂಜೆ ಕೋಣೆ ಕತ್ತಲಾಗಿದ್ದು ನೋಡಿ, ನನ್ನ ಮಗಳು ಮಲಗಿದಾಳೆ ಅಂದ್ಕೊಂಡು, ಸದ್ದಾಗದ ಹಾಗೆ ಬಾಗಿಲು ಎಳ್ಕೊಂಡೆ ಕಣೇ."

ಬಸ್ ಬಂತು. ಹುಡುಗಿ ಅಜ್ಜಿಯ ತೋಳು ಹಿಡಿದು ಹತ್ತಿಸಿದಳು.